ಸಸಿಹಿತ್ಲು ಸರ್ಫಿಂಗ್: ಅಲೆಗೆ ಪ್ರಚಾರ, ಮರಳಿಗೆ ಯಾರು ದಿಕ್ಕು?

ಕೋಪರಖೈರಣೆ: ಮೇ ತಿಂಗಳು ಬಂತೆಂದರೆ ನವಿ ಮುಂಬೈಯ ಕರಾವಳಿ ಮೂಲದ ಮನೆಗಳಲ್ಲಿ ಮತ್ಸ್ಯಗಂಧ ರೈಲಿನ ಟಿಕೆಟ್‌ನದ್ದೇ ಮಾತು. ಮೂಲ್ಕಿ ಕಡೆಯವರಿಗೆ ಈಗ ದೇವಸ್ಥಾನ, ಮದುವೆಗಳ ಜತೆ ಇನ್ನೊಂದು ಜಾಗವೂ ನೋಡಲಿದೆ. ಅದು ಸಸಿಹಿತ್ಲು ಕಡಲತೀರ.

2016ರ ಮೇನಲ್ಲಿ ಇಲ್ಲಿ 'ಇಂಡಿಯನ್ ಓಪನ್ ಆಫ್ ಸರ್ಫಿಂಗ್' ನಡೆದಾಗ ಈ ಮೀನುಗಾರರ ಊರಿನ ಹೆಸರು ದೇಶಕ್ಕೆ ತಿಳಿಯಿತು. ನಡುವೆ ಪಣಂಬೂರಿಗೆ ಹೋಗಿದ್ದ ಸ್ಪರ್ಧೆ 2024ರಲ್ಲಿ ಮತ್ತೆ ಇಲ್ಲೇ ನಡೆಯಿತು. 2025ರ ಆಗಸ್ಟ್‌ನಲ್ಲಿ ಮಾಮಲ್ಲಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ ಕಂಚು ಗೆದ್ದ ಮೇಲಂತೂ ಸರ್ಫಿಂಗ್ ಸುದ್ದಿಗೆ ಓದುಗರು ಹೆಚ್ಚಿದ್ದಾರೆ.

ಆದರೆ ಇಲ್ಲಿ ಸವಾರಿಗೆ ತಕ್ಕ ಅಲೆ ಏಳುವುದು ಏಕೆ? ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವುದು ಈ ತೀರದ ಪಕ್ಕದಲ್ಲೇ. ಅಳಿವೆಯ ಬಳಿ ನೀರಿನಡಿ ಮರಳು ದಿಬ್ಬ ಕಟ್ಟುತ್ತದೆ. ದೂರದಿಂದ ಬಂದ ಅಲೆ ಆಳ ಕಡಿಮೆಯಾದಲ್ಲಿ ಎತ್ತರಕ್ಕೆ ಎದ್ದು ಮಗುಚುತ್ತದೆ. ಸರ್ಫರ್‌ಗೆ ಬೇಕಾದ್ದು ಆ ಒಂದು ಗಳಿಗೆ. ಅದೇ ಮರಳು ಮಳೆಗಾಲದಲ್ಲಿ ಜಾಗ ಬದಲಿಸಿದರೆ ದಡ ಕುಸಿಯುತ್ತದೆ, ತೆಂಗು ಉರುಳುತ್ತದೆ.

ಆಗ ಊರವರು ಕೇಳುವುದು ಕಲ್ಲು. ಮನೆಯಂಗಳಕ್ಕೆ ನೀರು ಬಂದವರಿಗೆ ಬೇರೇನು ಹೇಳಲು ಸಾಧ್ಯ? ಆದರೂ ಕಲ್ಲಿನ ತಡೆಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಮುಂದಿನ ಮರಳನ್ನೂ ಎಳೆದೊಯ್ಯುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವರ ದಡ ಕೊರೆಯತೊಡಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವಿನಿಂದ ಸಮುದ್ರದೊಳಗೇ ಅಲೆಯ ರಭಸ ತಗ್ಗಿಸುವ ಕಾಮಗಾರಿ ನಡೆದದ್ದೂ ಈ ಕಾರಣಕ್ಕೇ. ಅದನ್ನೇ ತಂದು ಸಸಿಹಿತ್ಲುವಿನಲ್ಲಿ ಹಾಕಿದರೆ ಮನೆ ಉಳಿದೀತು, ಸ್ಪರ್ಧೆಯ ಅಲೆ ಉಳಿಯುವುದು ಅನುಮಾನ.

ಇನ್ನು ಹಣದ ಮಾತು. ಸ್ಪರ್ಧೆ ಮೂರು ದಿನದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರಿದ ಆ 61 ದಿನ ಕಡಲೂ ಒರಟು, ಪ್ರವಾಸಿಗರೂ ಕಡಿಮೆ. ವರ್ಷದ ಆದಾಯ ಬರಬೇಕಾದರೆ ಅಕ್ಟೋಬರ್ ನಂತರದ ಸರ್ಫಿಂಗ್ ತರಗತಿ, ಊಟ, ವಸತಿಯಿಂದಲೇ. ಸ್ಥಳೀಯರು ತಮ್ಮ ಈಗಿರುವ ಮನೆಯ ತಳಪಾಯ, ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಲು ಸಿಆರ್‌ಝಡ್ ನಿಯಮದಲ್ಲಿ ಅವಕಾಶವಿದೆ. ಮುಂಬೈಯಲ್ಲಿದ್ದುಕೊಂಡು ಊರಿನ ಮನೆಗೆ ಬೀಗ ಹಾಕಿರುವವರು ಜಾಗ ಮಾರುವ ಮೊದಲು ಈ ಸಾಲನ್ನು ಓದುವುದು ಒಳ್ಳೆಯದು.

ಸ್ಪರ್ಧೆಗೆ ರಸ್ತೆ, ದೀಪ, ವೇದಿಕೆಯ ಸಿದ್ಧತೆ ಪ್ರತಿ ಬಾರಿ ನಡೆಯುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ದಡವನ್ನೂ ಅಳೆದು ಲೆಕ್ಕವನ್ನು ಪಂಚಾಯತ್ ಕಚೇರಿಯಲ್ಲಿ ಹಾಕಿದರೆ, ಎಲ್ಲಿ ಕಲ್ಲು ಬೇಕು, ಎಲ್ಲಿ ಮರಳನ್ನು ಬಿಡಬೇಕು ಎಂಬ ಮಾತುಕತೆ ಗ್ರಾಮಸಭೆಯಲ್ಲೇ ಆಗಬಹುದು.