ಮರುಪಾವತಿ ಬಡ್ಡಿಗೂ ತೆರಿಗೆ: ಒಂದೇ ತಕ್ಕಡಿ, ಎರಡು ತೂಕ

ಹೆಚ್ಚುವರಿಯಾಗಿ ಸಂದಾಯವಾದ ಆದಾಯ ತೆರಿಗೆ ಹಿಂದಿರುಗುವಾಗ ಅದರೊಡನೆ ಬರುವ ಬಡ್ಡಿಯು ‘ಇತರ ಮೂಲಗಳ ಆದಾಯ’ವೆಂದು ಪರಿಗಣಿತವಾಗಿ ತೆರಿಗೆಗೆ ಒಳಪಡುತ್ತದೆ. ತೆರಿಗೆ ತಡವಾದುದಕ್ಕಾಗಿ ವರ್ತಕನು ಸರಕಾರಕ್ಕೆ ತೆರುವ ಬಡ್ಡಿಯನ್ನಾದರೋ ವ್ಯಾಪಾರದ ಖರ್ಚೆಂದು ಕಳೆಯಲು ಬಾರದು. ತೆರಿಗೆಯೇ ಖರ್ಚಲ್ಲದಿರುವಾಗ ಅದರ ಬೆನ್ನಿಗೆ ಬರುವ ಬಡ್ಡಿಯೂ ಖರ್ಚಲ್ಲವೆಂಬುದು ಭಾರತ್ ಕಾಮರ್ಸ್ ಅಂಡ್ ಇಂಡಸ್ಟ್ರೀಸ್ ಪ್ರಕರಣದಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಸಾರ. ತರ್ಕ ಸರಿಯೇ. ಆದರೆ ಮರುಪಾವತಿಯಾದ ತೆರಿಗೆ ಆದಾಯವಲ್ಲದಿರುವಾಗ ಅದರ ಬೆನ್ನಿಗೆ ಬರುವ ಬಡ್ಡಿ ಮಾತ್ರ ಆದಾಯವಾಗುವುದೆಂತು?

ದರದಲ್ಲಿಯೂ ತಾರತಮ್ಯವಿದೆ. 2003ರ ಸೆಪ್ಟೆಂಬರ್ 8ರವರೆಗೆ ತಡವಾದ ತೆರಿಗೆಗೆ ತಿಂಗಳಿಗೆ ಶೇ. 1.25, ಮರುಪಾವತಿಗೆ ಶೇ. 0.67ರಷ್ಟು ಬಡ್ಡಿಯಿತ್ತು. ಅಂದಿನಿಂದ ಇವು ಕ್ರಮವಾಗಿ ಶೇ. 1 ಮತ್ತು ಶೇ. 0.5 ಆದವು. ಎರಡೂ ಇಳಿದವು, ನಿಜ. ಆದರೆ ಅರ್ಧಕ್ಕಿಂತ ತುಸು ಹೆಚ್ಚಿದ್ದ ವರ್ತಕನ ಪಾಲು ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯು ಭಾಷೆಯನ್ನು ಸರಳಗೊಳಿಸಿತೇ ಹೊರತು ಈ ಅಂತರವನ್ನು ಮುಟ್ಟಲಿಲ್ಲ.

ಪೀಣ್ಯದಲ್ಲಿ ಜಾಬ್‌ವರ್ಕ್ ಮಾಡುವ ಒಂದು ಪಾಲುದಾರಿಕೆ ಘಟಕವಿದೆ ಎಂದಿಟ್ಟುಕೊಳ್ಳಬಹುದು. ವರ್ಷದ ಬಿಲ್ಲು ರೂ. 2.5 ಕೋಟಿ, ಗ್ರಾಹಕರು ಶೇ. 2ರಂತೆ ಮೂಲದಲ್ಲಿ ಕಡಿತ ಮಾಡಿದ ತೆರಿಗೆ ರೂ. 5 ಲಕ್ಷ. ಕೂಲಿ, ವಿದ್ಯುತ್, ಬ್ಯಾಂಕಿನ ಬಡ್ಡಿ ಎಲ್ಲವೂ ಕಳೆದು ಉಳಿದ ಲಾಭ ಸುಮಾರು ರೂ. 9.6 ಲಕ್ಷ, ಸೆಸ್ ಸೇರಿ ಶೇ. 31.2ರಂತೆ ತೆರಿಗೆ ಸುಮಾರು ರೂ. 3 ಲಕ್ಷ. ಉಳಿದ ರೂ. 2 ಲಕ್ಷ ಹಿಂದಿರುಗಬೇಕು. ಕಡತವು ಪರಿಶೀಲನೆಯಲ್ಲಿ ಸಿಲುಕಿ 20 ತಿಂಗಳು ಕಳೆದರೆ ಬರುವ ಬಡ್ಡಿ ರೂ. 20,000. ಅದರ ಮೇಲೆ ರೂ. 6,240 ತೆರಿಗೆ ತೆತ್ತ ಬಳಿಕ ಕೈಯಲ್ಲಿ ಉಳಿಯುವುದು ರೂ. 13,760. ಅದೇ ಘಟಕ ಬೇರೊಂದು ವರ್ಷ ಮುಂಗಡ ತೆರಿಗೆಯಲ್ಲಿ ರೂ. 2 ಲಕ್ಷ ಕಡಿಮೆ ಕಟ್ಟಿದರೆ ಹತ್ತೇ ತಿಂಗಳಿಗೆ ರೂ. 20,000 ಬಡ್ಡಿ ತೆರಬೇಕು. ಅದರಲ್ಲಿ ಒಂದು ರೂಪಾಯಿಯನ್ನೂ ಲಾಭದಿಂದ ಕಳೆಯುವಂತಿಲ್ಲ. ವಾರ್ಷಿಕ ಶೇ. 6ರ ಬಡ್ಡಿ ತೆರಿಗೆಯ ನಂತರ ಶೇ. 4.13ಕ್ಕೆ ಇಳಿಯುತ್ತದೆ. ಆ ದರಕ್ಕೆ ಯಾವ ಬ್ಯಾಂಕೂ ಈ ಘಟಕಕ್ಕೆ ಓವರ್‌ಡ್ರಾಫ್ಟ್ ಕೊಡುವುದಿಲ್ಲ.

ಮರುಪಾವತಿ ಬಡ್ಡಿಯು ಹಣವನ್ನು ತಡೆಹಿಡಿದು ಬಳಸಿಕೊಂಡುದಕ್ಕೆ ನೀಡುವ ಒಂದು ಬಗೆಯ ಪರಿಹಾರವೆಂದು ಟಾಟಾ ಕೆಮಿಕಲ್ಸ್ ಪ್ರಕರಣದಲ್ಲಿ (2014) ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಪರಿಹಾರದಲ್ಲಿ ಮೂರನೆಯ ಒಂದು ಭಾಗವನ್ನು ಮರಳಿ ಪಡೆಯುವುದು ವಿಚಿತ್ರ ಔದಾರ್ಯ.

ತಡವಾಗಿ ಕಟ್ಟುವವರಿಗೆ ಖರ್ಚಿನ ರಿಯಾಯಿತಿ ಕೊಟ್ಟರೆ ಶಿಸ್ತು ಸಡಿಲಗೊಳ್ಳುವುದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದ್ದರಿಂದ ತೆತ್ತ ಬಡ್ಡಿಯೆಲ್ಲವನ್ನೂ ಖರ್ಚೆಂದು ಒಪ್ಪಬೇಕೆಂಬ ಬೇಡಿಕೆ ಅತಿಯಾದೀತು. ಮರುಪಾವತಿಯಿಂದ ಬಂದ ಬಡ್ಡಿಯ ಮಿತಿಯೊಳಗೆ, ತೆರಿಗೆ ಬಾಕಿಗೆ ತೆತ್ತ ಬಡ್ಡಿಯನ್ನು ವಜಾ ಮಾಡಿ ನಿವ್ವಳ ಮೊತ್ತಕ್ಕೆ ಮಾತ್ರ ತೆರಿಗೆ ವಿಧಿಸಬೇಕು. ಅದೇ ವರ್ಷ ಹೊಂದಿಕೆಯಾಗದಿದ್ದರೆ ಮುಂದಿನ ಕೆಲವು ವರ್ಷಗಳಿಗೆ ಒಯ್ಯಲು ಅವಕಾಶವಿರಬೇಕು. ಬ್ರಿಟನ್ನಿನಲ್ಲಿ ಕಂಪನಿಗಳು ಪಡೆದ ಬಡ್ಡಿ ಆದಾಯ, ತೆತ್ತ ಬಡ್ಡಿ ಖರ್ಚು. ವ್ಯಕ್ತಿಗಳಿಗೆ ಎರಡೂ ಲೆಕ್ಕದಿಂದ ಹೊರಗೆ. ಯಾವ ದಾರಿ ಹಿಡಿದರೂ ಎರಡು ತಟ್ಟೆಗೆ ಒಂದೇ ತೂಕದ ಕಲ್ಲು. ಬಜೆಟ್ ಪೂರ್ವ ಮನವಿಗಳಲ್ಲಿ ದರ ಇಳಿಕೆಯ ಬೇಡಿಕೆಗಳ ನಡುವೆ ವಾಣಿಜ್ಯ ಮಂಡಳಿಗಳು ಇದಕ್ಕೂ ಒಂದು ಪರಿಚ್ಛೇದ ಮೀಸಲಿಡಬೇಕು.

ಕಾನೂನು ಬದಲಾಗುವ ತನಕ ಲೆಕ್ಕದ ಪುಸ್ತಕದಲ್ಲಿ ಎಚ್ಚರವಿರಬೇಕು. ಬ್ಯಾಂಕಿಗೆ ಅಸಲು, ಬಡ್ಡಿ ಒಟ್ಟಾಗಿ ಜಮೆಯಾಗುವುದರಿಂದ ಅನೇಕ ಗುಮಾಸ್ತರು ಇಡೀ ಮೊತ್ತವನ್ನು ಆದಾಯ ತೆರಿಗೆ ಖಾತೆಗೇ ಬರೆದುಬಿಡುತ್ತಾರೆ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಡ್ಡಿ ಪ್ರತ್ಯೇಕವಾಗಿ ಕಾಣಿಸಿಕೊಂಡು, ವರ್ತಕನಿಗೆ ವಿವರಣೆ ಕೇಳುವ ಪತ್ರ ಬರುವುದು ಆಗಲೇ. ಮರುಪಾವತಿಯನ್ನು ಹಳೆಯ ಬಾಕಿಗೆ ಹೊಂದಿಸಿಕೊಂಡು ಒಂದು ರೂಪಾಯಿಯೂ ಕೈಗೆ ಬಾರದಿದ್ದಾಗಲೂ ಆ ಬಡ್ಡಿ ತೆರಿಗೆಗೆ ಒಳಪಡುತ್ತದೆ. ಅದರ ಮೊತ್ತವನ್ನು ಸೂಚನಾ ಪತ್ರದಿಂದಲೇ ಹುಡುಕಿ ತೆಗೆಯಬೇಕು.