ಅಳಿಸಿದರೂ ಅಳಿಯದ್ದು

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದೆಂದು ಹಿರಿಯರು ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಅಳಿಸಿದ ಫೈಲೂ ಹಾಗೆಯೇ ಎಂದು ನಾವು ತಿಳಿದಿದ್ದೆವು. ಹೋದ ತಿಂಗಳ ಒಂದು ಸಂಜೆ ನಮ್ಮ ಈ ತಿಳಿವಳಿಕೆಯನ್ನು ತಿದ್ದಿತು.

ಸಂಘದ ಹಿರಿಯರ ನೆನಪುಗಳನ್ನು ಅವರವರ ಧ್ವನಿಯಲ್ಲಿಯೇ ಮುದ್ರಿಸಿ ಇಟ್ಟಿದ್ದೇವಷ್ಟೆ. ಅವರಲ್ಲಿ ಇಬ್ಬರು ಈಗ ನಮ್ಮೊಡನಿಲ್ಲ. ಆ ಮುದ್ರಣಗಳೆಲ್ಲ ಇರುವುದು ಕಚೇರಿಯ ಲಿನಕ್ಸ್ ಕಂಪ್ಯೂಟರಿನ ಒಂದು ವರ್ಚುಯಲ್ ಮಷಿನ್ನಿನಲ್ಲಿ. ಅದೆಂದರೆ ಕಂಪ್ಯೂಟರಿನ ಹೊಟ್ಟೆಯೊಳಗೊಂದು ಕಂಪ್ಯೂಟರು; ಅದರ ಇಡೀ ಡಿಸ್ಕು ಹೊರಗಿನಿಂದ ನೋಡಿದರೆ ಒಂದೇ ಒಂದು ದೊಡ್ಡ ಫೈಲು. ಜಾಗ ತೆರವು ಮಾಡಲು ಕುಳಿತ ನಾವು ಹಳೆಯ ಕಸವೆಂದು ಅಳಿಸಿದ್ದು ಆ ಫೈಲನ್ನೇ! ಬೇರೆ ಪ್ರತಿ ಇರಲಿಲ್ಲ.

ಗಾಬರಿಯಿಂದ ಸ್ವಿಚ್ಚಿಗೆ ಕೈ ನೀಡಿದೆವು. ಜೊತೆಗಿದ್ದ ತರುಣ, “ಬ್ಯಾಡ್ರಿ ರಾಯರ, ಬಂದ್ ಮಾಡಬ್ಯಾಡ್ರಿ! ಒಳಗಿನ ಮಷಿನ್ ಇನ್ನೂ ನಡದದ,” ಎಂದು ಕೂಗಿದ.

ಆತ ತಿಳಿಸಿದ್ದು ಇಷ್ಟು. ಚಾಳಿನ ಖೋಲಿಯ ಬಾಗಿಲಿನಿಂದ ಹೆಸರಿನ ಹಲಗೆ ಕಿತ್ತರೂ ಒಳಗೆ ಬಿಡಾರ ಇರುವ ತನಕ ಆ ಖೋಲಿ ಇನ್ನೊಬ್ಬರಿಗೆ ಸಿಗದು. ಲಿನಕ್ಸಿನಲ್ಲಿ ಫೈಲು ಅಳಿಸುವುದೆಂದರೆ ಹಲಗೆ ಕಿತ್ತಂತೆಯೇ ಸರಿ. ನಡೆಯುತ್ತಿರುವ ಪ್ರೋಗ್ರಾಮೊಂದು ಅದನ್ನು ತೆರೆದು ಹಿಡಿದಿರುವವರೆಗೆ ಜಾಗ ತೆರವಾಗದು. ಯಂತ್ರ ಆರಿಸಿದೆವೋ, ಹಿಡಿತ ಹೋಯಿತು.

ಮೊದಲು ‘ವಿರ್ಶ್ ಸಸ್ಪೆಂಡ್’ ಎಂಬ ಆಜ್ಞೆ ಕೊಟ್ಟು, ನಕಲು ಮಾಡುವಾಗ ಫೈಲು ಬದಲಾಗದಂತೆ ಒಳಯಂತ್ರವನ್ನು ಇದ್ದಲ್ಲಿಯೇ ತಡೆದ. ‘ಎಲ್‌ಎಸ್‌ಓಎಫ್’ ಎಂಬ ಆಜ್ಞೆಯಿಂದ ಫೈಲನ್ನು ಹಿಡಿದಿದ್ದ ಪ್ರೋಗ್ರಾಮಿನ ಸಂಖ್ಯೆ ಪತ್ತೆಮಾಡಿದ. ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ಆ ಸಂಖ್ಯೆಯೊಳಗೆ, ‘ಎಫ್‌ಡಿ’ ಎಂಬಲ್ಲಿ, ನಮ್ಮ ಫೈಲು ‘ಡಿಲೀಟೆಡ್’ ಎಂಬ ಚೀಟಿ ಹೊತ್ತು ಕುಳಿತಿತ್ತು! ಅಲ್ಲಿಂದಲೇ ಅದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದ. ಆ ನಕಲಿನಿಂದ ಯಂತ್ರ ಎಬ್ಬಿಸಿದಾಗ, ತೀರಿಹೋದ ಹಿರಿಯರೊಬ್ಬರು ತಾವು ಊರು ಬಿಟ್ಟ ದಿನದ ಕಥೆಯನ್ನು ಎಂದಿನಂತೆ ಆರಂಭಿಸಿದರು. ನಾವು ಕನ್ನಡಕ ತೆಗೆದು ಒರೆಸಿಕೊಂಡೆವು.

ಯಂತ್ರ ಆಗಲೇ ಆರಿದ್ದರೆ? ಆ ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ, ಬೇರೆ ಡಿಸ್ಕಿನಿಂದ ಹುಡುಕುವ ಸಾಧನಗಳನ್ನು ನಡೆಸಬೇಕು. ಹೊಸ ಬರವಣಿಗೆ ಮೇಲೆ ಬೀಳುವ ತನಕ ಹಳೆಯದು ಅಲ್ಲಿ ಉಳಿದಿರಬಹುದು. ಎಸ್‌ಎಸ್‌ಡಿಗಳಲ್ಲಿ ತೆರವಾದ ಜಾಗವನ್ನು ಯಂತ್ರವೇ ಗುಡಿಸಿಬಿಡುವುದರಿಂದ ಆಸೆ ಕಡಿಮೆ. ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟನ್ನು ಪ್ರತಿಯೆಂದು ನಂಬಿ ಕೂರುವುದೂ ತರವಲ್ಲ.

ಈಗ ನಮ್ಮಲ್ಲಿ 2 ಪ್ರತಿಗಳಿವೆ. ಒಂದು ಬೇರೆ ಮನೆಯಲ್ಲಿ. ವಾಚಕ ಬಾಂಧವರೇ, ನಿಮ್ಮ ಮನೆಯ ಅಜ್ಜ ಅಜ್ಜಿಯರ ಧ್ವನಿ, ಭಾವಚಿತ್ರಗಳು ಎಷ್ಟು ಕಡೆ ಇವೆ? ಇಂದೇ ಒಮ್ಮೆ ಎಣಿಸಿ ನೋಡಿರಿ.