ಹಾರ್ಲೆಮ್ಮಿನ ಬಡತನ ಯಾರ ಬಂಡವಾಳ?

ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ನಗರದ ನಕ್ಷೆಯಲ್ಲಿ ಗೆರೆ ಎಳೆಯುವುದನ್ನು ನಾವು ವಿರೋಧಿಸುವವರಲ್ಲ. ಯೋಜನೆಯಿಲ್ಲದ ಪಟ್ಟಣ ಭೂಮಾಲೀಕರ ಪಟ್ಟಣವಾದೀತೇ ಹೊರತು ಪ್ರಜೆಗಳದಾಗದು. ಆದರೆ ಈ ಮೂಲ ವಲಯಗಳ ಮೇಲೆ ಮತ್ತೊಂದು ವಿಶೇಷ ವಲಯವನ್ನು ಹೊದಿಸಿ, ಅದರೊಳಗೆ ಕಟ್ಟುವವರಿಗೆ ಹೆಚ್ಚು ಅಂತಸ್ತು, ಕಡಮೆ ತೆರಿಗೆ ಎಂದು ಸಾರುವ ಪದ್ಧತಿ ಬೆಳೆದಿದೆ. ಅದಕ್ಕೆ 'ಪ್ರೋತ್ಸಾಹ'ವೆಂಬ ಮುದ್ದಾದ ಹೆಸರು. ಪ್ರೋತ್ಸಾಹ ಯಾರಿಗೆ, ಯಾರ ಹೆಸರಿನಲ್ಲಿ ಎಂಬುದಕ್ಕೆ ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್ ಒಂದು ನಿದರ್ಶನ.

ಮ್ಯಾನ್‌ಹಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ, ರೈಲುಗಳು ತಂಗುವ ಅಂಗಳದ ಸುತ್ತಿನ ಪ್ರದೇಶವನ್ನು 2005ರಲ್ಲಿ ಅಲ್ಲಿನ ನಗರಾಡಳಿತ ವಿಶೇಷ ವಲಯವೆಂದು ಸಾರಿತು. ನಿಧಿಗೆ ಹಣ ಕಟ್ಟಿದವರಿಗೆ ಹೆಚ್ಚುವರಿ ಅಂತಸ್ತು. ದೊಡ್ಡ ಕಚೇರಿ ಕಟ್ಟಡಗಳ ಆಸ್ತಿತೆರಿಗೆಯಲ್ಲಿ ಶೇಕಡಾ 40ರವರೆಗೆ ರಿಯಾಯಿತಿ. ಸುಮಾರು 240 ಕೋಟಿ ಡಾಲರ್ ವೆಚ್ಚದಲ್ಲಿ ಸುರಂಗ ರೈಲನ್ನೂ ಅಲ್ಲಿಗೆ ಒಯ್ದು 2015ರಲ್ಲಿ ನಿಲ್ದಾಣ ತೆರೆದರು. ರೈಲು ತಂದದ್ದು ತಪ್ಪೆನ್ನುವುದಿಲ್ಲ. ಅದು ಜನರ ಸವಾರಿ. ಆದರೆ ರೈಲಿನಿಂದ ಏರಿದ ನೆಲದ ಬೆಲೆ ಯಾರ ಕಿಸೆ ಸೇರಿತು?

ಇಷ್ಟಕ್ಕೇ ನಿಂತಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಅಮೆರಿಕದಲ್ಲಿ 1990ರ ಒಂದು ಕಾನೂನಿದೆ. ಹೊರದೇಶದ ಹಣವಂತರು ಅಲ್ಲಿ ಬಂಡವಾಳ ಹೂಡಿ ಹತ್ತು ಮಂದಿಗೆ ಕೆಲಸ ಒದಗಿಸಿದರೆ ಕುಟುಂಬಸಮೇತ ನೆಲೆಸಬಹುದು. ಆಗಿನ ದರ 10 ಲಕ್ಷ ಡಾಲರ್. ನಿರುದ್ಯೋಗವು ರಾಷ್ಟ್ರದ ಸರಾಸರಿಯ ಒಂದೂವರೆ ಪಟ್ಟು ಇರುವ ಕಡೆಯಾದರೆ 5 ಲಕ್ಷವೇ ಸಾಕು. ಬಡವರಿದ್ದಲ್ಲಿಗೆ ಹಣ ಹರಿಯಲಿ ಎಂಬುದು ಕಾನೂನಿನ ಮಾತು. ಹಡ್ಸನ್ ಯಾರ್ಡ್ಸ್‌ನ ಗಾಜಿನ ಗೋಪುರಗಳಲ್ಲಿ ನಿರುದ್ಯೋಗಿಗಳನ್ನು ಎಲ್ಲಿಂದ ತರುವುದು? ನಕ್ಷೆಗೆ ಒಂದು ಬಾಲ ಕಟ್ಟಿದರು! ಗೆರೆ ಅಲ್ಲಿಂದ ಹೊರಟು, ಸೆಂಟ್ರಲ್ ಪಾರ್ಕನ್ನು ಹಾದು, ಉತ್ತರದ ಹಾರ್ಲೆಮ್ಮಿನ ಸರ್ಕಾರಿ ವಸತಿಗಳವರೆಗೆ ಹೋಯಿತು. ಉದ್ಯಾನದಲ್ಲಿ ಮನೆಗಳಿಲ್ಲ, ಅದು ಸೇತುವೆಯಾಯಿತು.

ಶಾಲೆಯಲ್ಲಿ ಸರಾಸರಿಯ ಲೆಕ್ಕ ಕಲಿಸಿದವರು ನಾವು. ಉಪವಾಸವಿರುವ ಹುಡುಗನನ್ನೂ ಹೋಳಿಗೆ ತಿಂದ ಹುಡುಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, 'ಈ ಬೆಂಚಿಗೆ ಹಸಿವಿದೆ' ಎಂದು ಇನ್ನೊಂದು ಹೋಳಿಗೆಯನ್ನು ಎರಡನೆಯವನಿಗೇ ಬಡಿಸುವ ಲೆಕ್ಕವನ್ನು ಮಾತ್ರ ನಾವು ಕಲಿಸಲಿಲ್ಲ. ಹೀಗೆ ಎತ್ತಿದ ಹಣ ಕನಿಷ್ಠ 120 ಕೋಟಿ ಡಾಲರ್ ಎಂದು 2019ರಲ್ಲಿ ಪತ್ರಿಕೆಗಳು ಬರೆದವು. ಎಲ್ಲವೂ ಅಂದಿನ ಕಾನೂನಿನೊಳಗೇ ನಡೆಯಿತೆಂಬುದನ್ನು ಓದುಗರು ಗಮನಿಸಬೇಕು. ಕಳ್ಳತನವಾಗಿದ್ದರೆ ಪೊಲೀಸರು ಸಾಕಿತ್ತು.

2022ರ ಹೊಸ ಕಾನೂನು ಗೆರೆ ಎಳೆಯುವ ಅಧಿಕಾರವನ್ನು ರಾಜ್ಯಗಳ ಕೈಯಿಂದ ತಪ್ಪಿಸಿ ಕೇಂದ್ರಕ್ಕೆ ಕೊಟ್ಟಿತು, ದರವನ್ನೂ ಏರಿಸಿತು. ಒಳ್ಳೆಯದೇ. ಗೋಪುರಗಳು ಮಾತ್ರ ಅಷ್ಟರಲ್ಲಿ ಎದ್ದಾಗಿತ್ತು.

ಇದು ದೂರದ ಕಥೆಯಲ್ಲ. ಆ ಪರವಾನಗಿಯ ಸಾಲಿನಲ್ಲಿ ನಮ್ಮ ದೇಶದ ಹಣವಂತರೂ ಇದ್ದಾರೆ. ಶುಲ್ಕ ಪಡೆದು ಹೆಚ್ಚುವರಿ ಅಂತಸ್ತು ಕೊಡುವ ಕ್ರಮ ಕರ್ನಾಟಕಕ್ಕೂ ಬಂದಿದೆ. ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಯಾವ ಪೌರಸಭೆಯೇ ಆಗಲಿ, ವಿಶೇಷ ವಲಯದ ಗೆರೆ ಎಳೆಯುವ ಮುನ್ನ ಆ ನಕ್ಷೆಯನ್ನು ಕನ್ನಡದಲ್ಲಿ ಬರೆದು ವಾರ್ಡಿನ ಜನರ ಮುಂದೆ ಹರಡಲಿ. ಬಿಟ್ಟುಕೊಡುವ ತೆರಿಗೆ ಎಷ್ಟು, ಅದು ಯಾರಿಗೆ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಲಿ. ಯಾವ ಕೇರಿಯ ಬಡತನವನ್ನು ಲೆಕ್ಕಕ್ಕೆ ಹಿಡಿದರೋ, ಬಂದ ಹಣವನ್ನು ಆ ಕೇರಿಯ ನಲ್ಲಿ, ಚರಂಡಿ, ಶಾಲೆಗಳಿಗೇ ಮೊದಲು ಖರ್ಚುಮಾಡಲಿ.